ಬಡ್ತಿ ಒಬ್ಬನಿಗೆ, ನಾಯಕತ್ವ ಇನ್ನೊಬ್ಬರದು: ತುಮಕೂರಿನ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಸಂಸ್ಥೆಯ ಪ್ರಕರಣ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿರುವ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರ ಪ್ರಕರಣ ಇದು. ವ್ಯಾಪಾರಸ್ಥರಿಗೆ ಬೇಕಾದ ಬಿಲ್ಲಿಂಗ್ ಮತ್ತು ದಾಸ್ತಾನು ತಂತ್ರಾಂಶ ತಯಾರಿಸುವುದು ಇವರ ಕಸುಬು. ಅಕ್ಕಿ ಗಿರಣಿಗಳು, ತಿಪಟೂರಿನ ಕೊಬ್ಬರಿ ವರ್ತಕರು, ಅಡಿಕೆ ಮಂಡಿಯವರು, ಸಿಮೆಂಟ್ ಮತ್ತು ಹಾರ್ಡ್‌ವೇರ್ ಅಂಗಡಿಗಳು ಇವರ ಗ್ರಾಹಕರು. ಕೆಲಸಕ್ಕಿರುವವರು ಮೂವತ್ತು ಚಿಲ್ಲರೆ ಮಂದಿ. ಮಾಲೀಕರು ಮೊದಲು ತೆರಿಗೆ ಸಲಹೆಗಾರರಾಗಿದ್ದವರು. ವರ್ತಕರ ಲೆಕ್ಕ ಬರೆಯುತ್ತ ಬರೆಯುತ್ತ ಸಾಫ್ಟ್‌ವೇರ್‌ಗೆ ಬಂದವರು. ಸಂಸ್ಥೆಯ ಹೆಸರನ್ನೂ ಜನರ ಹೆಸರುಗಳನ್ನೂ ಇಲ್ಲಿ ಬಿಟ್ಟಿದ್ದೇನೆ.

ಸಣ್ಣ ಐ.ಟಿ. ಸಂಸ್ಥೆಗಳಿಗೆ ಸಿಬ್ಬಂದಿ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. 2023ರ ಸೆಪ್ಟೆಂಬರ್‌ನಲ್ಲಿ ಮಾಲೀಕರು ಕರೆಸಿ ಒಂದೇ ಪ್ರಶ್ನೆ ಕೇಳಿದರು: "ನಮ್ಮ ಲೀಡ್ ಬಿಟ್ಟು ಹೋಗುತ್ತೇನೆ ಎನ್ನುತ್ತಿದ್ದಾನೆ. ಬೆಂಗಳೂರಿನಿಂದ ಆಫರ್ ಲೆಟರ್ ಬಂದಿದೆ. ಎಷ್ಟು ಕೊಟ್ಟರೆ ಉಳಿಯುತ್ತಾನೆ?"

ಸಂಬಳದ ಲೆಕ್ಕ ಹೇಳಿ ಎದ್ದು ಬರಬಹುದಿತ್ತು. ಆದರೆ ಹಣದಿಂದ ಇತ್ಯರ್ಥವಾಗುವ ವಿಷಯವಾಗಿದ್ದರೆ ಆತ ರಾಜೀನಾಮೆಯ ಮಾತನ್ನು, ಮುಂದೆ ಹೇಳಲಿರುವ ಆಗಸ್ಟ್ ತಿಂಗಳ ಗದ್ದಲದ ನಡುವೆ ಎತ್ತುತ್ತಿರಲಿಲ್ಲ, ಏಪ್ರಿಲ್ ಅಪ್ರೈಸಲ್ (ವಾರ್ಷಿಕ ಮೌಲ್ಯಮಾಪನ) ಹೊತ್ತಿಗೆ ಎತ್ತುತ್ತಿದ್ದ.

ಬಡ್ತಿ ಸಿಕ್ಕ ಬಗೆ

ಲೀಡ್, ಎಂದರೆ ಕೋಡ್ ಬರೆಯುವ ತಂಡದ ಮುಖ್ಯಸ್ಥ, ತುಮಕೂರಿನವನೇ. ಇಲ್ಲೇ ಇಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿಯೊಂದನ್ನು ಸೇರಿದ. ಎಪ್ಪತ್ತು ಕಿಲೋಮೀಟರ್ ದೂರ ಎಂದರೆ ಕೇಳುವುದಕ್ಕೆ ಹತ್ತಿರ. ಬೆಳಗಿನ ರೈಲಿಗೆ ಯಶವಂತಪುರ, ಅಲ್ಲಿಂದ ಕಚೇರಿಗೆ ಇನ್ನೊಂದು ಪ್ರಯಾಣ, ರಾತ್ರಿ ಮತ್ತೆ ಅದೇ ದಾರಿ. ಈ ಬದುಕು ಗೊತ್ತಿರುವವರು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮಂದಿ ಇದ್ದಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮನೆಯಿಂದಲೇ ಕೆಲಸ ಶುರುವಾದಾಗ ಮೊದಲ ಬಾರಿಗೆ ಸಂಜೆ ಎಂಬುದೊಂದು ಇದೆ ಎಂದು ತಿಳಿಯಿತು ಎಂದು ಆತ ನನಗೆ ಹೇಳಿದ. ಕಂಪನಿ ಮತ್ತೆ ಕಚೇರಿಗೆ ಬರಲು ಹೇಳಿದಾಗ ಕೆಲಸ ಬಿಟ್ಟು, ಕಡಿಮೆ ಸಂಬಳಕ್ಕೆ ಒಪ್ಪಿ ಇಲ್ಲಿ ಸೇರಿಕೊಂಡ.

ಕೈ ಚುರುಕು, ತಲೆ ಇನ್ನೂ ಚುರುಕು. ಒಂದು ವರ್ಷದೊಳಗೆ ಹಳೆಯ ತಂತ್ರಾಂಶದ ಅರ್ಧವನ್ನು ಹೊಸದಾಗಿ ಬರೆದ. ಮಾಲೀಕರಿಗೆ ಸಂಬಳ ಹೆಚ್ಚಿಸಬೇಕೆನಿಸಿತು. ಆದರೆ ಸಂಸ್ಥೆಯಲ್ಲಿದ್ದ ಮೆಟ್ಟಿಲು ಒಂದೇ: ಕೋಡರ್, ಅದರ ಮೇಲೆ ಟೀಮ್ ಲೀಡ್. ಸಂಬಳ ಏರಬೇಕಾದರೆ ಹುದ್ದೆ ಏರಬೇಕು. ಹಾಗಾಗಿ ಆತನನ್ನು ಆರು ಮಂದಿಯ ಮೇಲೆ ಲೀಡ್ ಮಾಡಿದರು. ಮಂದಿಯನ್ನು ನಡೆಸುವ ಆಸೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಇದು ಈ ಸಂಸ್ಥೆಯೊಂದರ ಕಥೆಯಲ್ಲ. ಕೋಡ್ ಚೆನ್ನಾಗಿ ಬರೆದವನಿಗೆ ಕೋಡ್ ಬರೆಯದಿರುವ ಕೆಲಸವನ್ನು ಬಹುಮಾನವಾಗಿ ಕೊಡುವ ಪದ್ಧತಿ ಬೆಂಗಳೂರಿನ ದೊಡ್ಡ ಗಾಜಿನ ಕಟ್ಟಡಗಳಲ್ಲೂ ನಡೆದುಕೊಂಡು ಬಂದಿದೆ.

ತಪ್ಪು ಪಾಠ ಕಲಿಸಿದ ಗೆಲುವು

ಜಿ.ಎಸ್.ಟಿ. ಇ-ಇನ್‌ವಾಯ್ಸ್ ನಿಯಮ ಹಂತ ಹಂತವಾಗಿ ಜಾರಿಗೆ ಬಂತು. 2020ರ ಅಕ್ಟೋಬರ್ 1ರಂದು ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿ ದಾಟಿದವರಿಗೆ ಶುರುವಾಗಿ, ಮಿತಿ 100, 50, 20 ಕೋಟಿಗೆ ಇಳಿಯುತ್ತ ಬಂದು 2022ರ ಅಕ್ಟೋಬರ್ 1ಕ್ಕೆ 10 ಕೋಟಿಗೆ ತಲುಪಿತು. ಇಷ್ಟು ವಹಿವಾಟಿನವರು ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರಿದ ತೆರಿಗೆಯುಳ್ಳ ಸರಕಿನ ಪ್ರತಿ ಬಿಲ್ಲನ್ನೂ ಸರ್ಕಾರದ ಪೋರ್ಟಲ್‌ಗೆ ಕಳುಹಿಸಬೇಕು. ಅಲ್ಲಿಂದ 64 ಅಕ್ಷರಗಳ ಐ.ಆರ್.ಎನ್. (ಇನ್‌ವಾಯ್ಸ್ ರೆಫರೆನ್ಸ್ ನಂಬರ್, ಎಂದರೆ ಬಿಲ್ಲಿನ ಗುರುತಿನ ಸಂಖ್ಯೆ) ಮತ್ತು ಕ್ಯು.ಆರ್. ಕೋಡ್ ವಾಪಸ್ ಬರಬೇಕು. ಅದು ಬರುವವರೆಗೆ ಆ ಬಿಲ್ಲು ಬಿಲ್ಲೇ ಅಲ್ಲ, ಲಾರಿ ಹೊರಡುವಂತಿಲ್ಲ.

ಆ ಹಂತದಲ್ಲಿ ಸಂಸ್ಥೆಯ ಕೆಲವೇ ಗ್ರಾಹಕರು ಈ ನಿಯಮದೊಳಗೆ ಬಂದರು. ಲೀಡ್ ತಂತ್ರಾಂಶವನ್ನು ಪೋರ್ಟಲ್‌ಗೆ ಜೋಡಿಸುವ ಕೆಲಸವನ್ನು ಪೂರ್ತಿ ತಾನೊಬ್ಬನೇ ಮಾಡಿ ಮುಗಿಸಿದ. ಅಕ್ಟೋಬರ್ 1 ಶನಿವಾರ. ಮರುದಿನ ಭಾನುವಾರ, ಗಾಂಧಿ ಜಯಂತಿ. ಅದೇ ವಾರ ಆಯುಧ ಪೂಜೆ, ವಿಜಯದಶಮಿ. ವಹಿವಾಟು ತೆಳ್ಳಗಿತ್ತು, ಎಡವಟ್ಟುಗಳು ಕಣ್ಣಿಗೆ ಬೀಳಲಿಲ್ಲ. ಮಾಲೀಕರು ಎಲ್ಲರ ಮುಂದೆ ಆತನಿಗೆ ಶಾಲು ಹೊದಿಸಿದರು.

ಆ ಶಾಲು ಸಂಸ್ಥೆಗೆ ದುಬಾರಿಯಾಯಿತು ಎಂದೇ ನನ್ನ ಅಭಿಪ್ರಾಯ. ಒಬ್ಬನೇ ಹೊತ್ತರೆ ಆಗುತ್ತದೆ ಎಂದು ಲೀಡ್ ನಂಬಿದ, ಮಾಲೀಕರೂ ನಂಬಿದರು. ಗ್ರಾಹಕರು ಕಡಿಮೆ ಇದ್ದದ್ದು, ಹಬ್ಬದ ವಾರ ಬಂದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

2023ರ ಮೇ 10ರಂದು ಮುಂದಿನ ಅಧಿಸೂಚನೆ ಬಂತು: ಆಗಸ್ಟ್ 1ರಿಂದ ಮಿತಿ 5 ಕೋಟಿ. ತುಮಕೂರು ಜಿಲ್ಲೆಯ ಸಾಧಾರಣ ಅಕ್ಕಿ ಗಿರಣಿ, ಮಧ್ಯಮ ಕೊಬ್ಬರಿ ವರ್ತಕ, ತಾಲ್ಲೂಕು ಕೇಂದ್ರದ ಸಿಮೆಂಟ್ ಡೀಲರ್ ಎಲ್ಲರೂ ಸಾಲಿನೊಳಗೆ ಬಂದರು. ಕೈಯಲ್ಲಿ ಎರಡೂವರೆ ತಿಂಗಳಿಗೂ ಹೆಚ್ಚು ಸಮಯವಿತ್ತು. ಆ ಸಮಯ ಹೋದದ್ದು ಎಲ್ಲಿಗೆ ಎಂದು ಹುಡುಕಿದಾಗ ಪ್ರಕರಣದ ಒಳಗು ತೆರೆದುಕೊಂಡಿತು.

ರಾತ್ರಿ ಬರೆದ ಕೋಡ್

ತಂಡದ ಕೋಡ್ ಅನ್ನು ತಂತ್ರಾಂಶದ ಮೂಲ ಪ್ರತಿಗೆ ಸೇರಿಸುವ, ಎಂದರೆ ಮರ್ಜ್ ಮಾಡುವ ಅಧಿಕಾರ ಲೀಡ್ ಒಬ್ಬನಿಗೇ ಇತ್ತು. ಗ್ರಾಹಕರ ಸರ್ವರ್‌ನ ಪಾಸ್‌ವರ್ಡ್ ಕೂಡ ಆತನಲ್ಲಿ ಮಾತ್ರ. ಆರು ಮಂದಿ ಬರೆದದ್ದು ಆತನ ಮೇಜಿನ ಮುಂದೆ ಸರದಿ ನಿಲ್ಲುತ್ತಿತ್ತು. ಹಗಲೆಲ್ಲ ಸಭೆ, ಫೋನು, ಮಾಲೀಕರ ಕರೆ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಒಬ್ಬೊಬ್ಬರ ಕೋಡ್ ನೋಡುವುದು, ಇಷ್ಟವಾಗದಿದ್ದರೆ ತಾನೇ ತಿದ್ದುವುದು.

ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ತನ್ನ ಪರದೆಯಲ್ಲಿ ಜುಲೈ ತಿಂಗಳ ದಾಖಲೆಯನ್ನು ತೆರೆದು ತೋರಿಸಿದಳು. ಬಿಲ್ಲಿನ ತೆರಿಗೆ ಮೊತ್ತವನ್ನು ಪೈಸೆ ಲೆಕ್ಕದಲ್ಲಿ ಸರಿಹೊಂದಿಸುವ ಸಣ್ಣ ಭಾಗವನ್ನು ಆಕೆ ಬರೆದಿದ್ದಳು. ಎಡಗಡೆ ಆಕೆಯ ಸಾಲುಗಳೆಲ್ಲ ಕೆಂಪು ಬಣ್ಣದಲ್ಲಿ, ಎಂದರೆ ಅಳಿಸಿದ್ದು. ಬಲಗಡೆ ಲೀಡ್ ಬರೆದ ಸಾಲುಗಳು ಹಸಿರು ಬಣ್ಣದಲ್ಲಿ. ಸಮಯ ನಡುರಾತ್ರಿ ದಾಟಿದ್ದು. ಪಕ್ಕದ ಟಿಪ್ಪಣಿಯಲ್ಲಿ ಒಂದೇ ಪದ: 'ಸರಿಪಡಿಸಿದೆ'.

"ಅಣ್ಣ ಚೆನ್ನಾಗಿಯೇ ಬರೆದಿದ್ದಾರೆ ಸರ್," ಎಂದಳು. "ನನ್ನದರಲ್ಲಿ ತಪ್ಪೇನಿತ್ತು ಎಂಬುದು ಮಾತ್ರ ಗೊತ್ತಾಗಲಿಲ್ಲ. ಅದಾದ ಮೇಲೆ ನಾನು ತುಂಬ ಯೋಚಿಸಿ ಬರೆಯುವುದನ್ನು ಬಿಟ್ಟೆ. ಹೇಗಿದ್ದರೂ ಅವರೇ ಬರೆಯುತ್ತಾರಲ್ಲ."

ವೃತ್ತಿ ಬೆಳವಣಿಗೆಯ ಬಗ್ಗೆ ರೆಸಾರ್ಟ್‌ಗಳಲ್ಲಿ ಎರಡು ದಿನದ ಶಿಬಿರ ನಡೆಸುವವರು ಈ ಕೊನೆಯ ವಾಕ್ಯವನ್ನೊಮ್ಮೆ ಕೇಳಿಸಿಕೊಳ್ಳಬೇಕು. ಆಕೆಯ ಬೆಳವಣಿಗೆ ನಿಂತದ್ದು ತರಬೇತಿಯ ಕೊರತೆಯಿಂದಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕೂತು 'ಇಲ್ಲಿ ಹೀಗೇಕೆ ಬರೆದೆ?' ಎಂದು ಕೇಳುವವರಿಲ್ಲದೆ ನಿಂತಿತು. ಲೀಡ್‌ಗೆ ಮನಸ್ಸಿರಲಿಲ್ಲ ಎಂದೂ ಅಲ್ಲ. ಹೇಳಿಕೊಡುವುದಕ್ಕಿಂತ ತಾನೇ ಬರೆಯುವುದು ಬೇಗ ಎಂಬುದು ಆತನ ಲೆಕ್ಕ. ಆ ಒಂದು ರಾತ್ರಿಯ ಮಟ್ಟಿಗೆ ಅದು ಸರಿಯಾದ ಲೆಕ್ಕವೂ ಹೌದು.

ಇದರ ಮೇಲೆ ಮಾಲೀಕರು ಎಲ್ಲಿಂದಲೋ ತಂದ ಒಂದು ಮೌಲ್ಯಮಾಪನ ಪದ್ಧತಿ ಬೇರೆ. ಆರು ಮಂದಿಯಲ್ಲಿ ಒಬ್ಬರನ್ನು ಕಡ್ಡಾಯವಾಗಿ ಕೆಳಗಿನ ದರ್ಜೆಗೆ ಹಾಕಬೇಕು. ಇಂಥ ಕಡ್ಡಾಯ ಶ್ರೇಣಿಯನ್ನು ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲೇ ಕೈಬಿಟ್ಟಿತು, ಇನ್ಫೋಸಿಸ್ 2015ರಲ್ಲಿ ಬಿಟ್ಟಿತು. ಬಿಟ್ಟವರ ಹಳೆಯ ಬಟ್ಟೆ ತುಮಕೂರಿಗೆ ಬಂದು ಹೊಸದಾಗಿ ಮಾರಾಟವಾಗಿತ್ತು.

ಆಗಸ್ಟ್ 1, ಮಂಗಳವಾರ

ಬೆಳಿಗ್ಗೆ ಎಲ್ಲವೂ ಸರಿಯಿತ್ತು. ಮಧ್ಯಾಹ್ನ ಲಾರಿಗಳಿಗೆ ಸರಕು ತುಂಬುವ ಹೊತ್ತಿಗೆ ಫೋನುಗಳು ಬಡಿದುಕೊಳ್ಳತೊಡಗಿದವು. ಎರಡು ಬಗೆಯ ದೂರು.

ಮೊದಲನೆಯದು ತಾಂತ್ರಿಕವಾದದ್ದು. ಬಿಲ್ಲು ಪೋರ್ಟಲ್ ತಲುಪುತ್ತಿತ್ತು, ಐ.ಆರ್.ಎನ್. ಹುಟ್ಟುತ್ತಿತ್ತು, ಉತ್ತರ ವಾಪಸ್ ಬರುವಷ್ಟರಲ್ಲಿ ಸಂಪರ್ಕ ಕಡಿಯುತ್ತಿತ್ತು. ತಂತ್ರಾಂಶ ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ ಪೋರ್ಟಲ್ 'ಇದು ಈಗಾಗಲೇ ಬಂದಿದೆ' ಎಂದು ತಿರಸ್ಕರಿಸುತ್ತಿತ್ತು. ಐ.ಆರ್.ಎನ್. ತಯಾರಾಗುವುದೇ ಮಾರಾಟಗಾರನ ಜಿ.ಎಸ್.ಟಿ. ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬಿಲ್ ಸಂಖ್ಯೆಗಳಿಂದ. ಅದೇ ಬಿಲ್ಲಿಗೆ ಇನ್ನೊಂದು ಹುಟ್ಟುವುದಿಲ್ಲ. ಹೀಗೆ ತಿರಸ್ಕಾರ ಬಂದಾಗ ಇರುವ ಸಂಖ್ಯೆಯನ್ನು ಪೋರ್ಟಲ್‌ನಿಂದ ಕೇಳಿ ತರಿಸಿಕೊಳ್ಳಬೇಕು. ಸಂಸ್ಥೆಯ ತಂತ್ರಾಂಶ ಹಾಗೆ ಮಾಡದೆ ಪರದೆಯ ಮೇಲೆ ಕೆಂಪಗೆ 'ವಿಫಲ' ಎಂದು ತೋರಿಸುತ್ತಿತ್ತು. ಗಿರಣಿಯ ಗುಮಾಸ್ತ ಏನು ಮಾಡುತ್ತಾನೆ? ಹೊಸ ನಂಬರ್ ಹಾಕಿ ಇನ್ನೊಂದು ಬಿಲ್ ಮಾಡುತ್ತಾನೆ. ಒಂದೇ ಲಾರಿ ಸರಕಿಗೆ ಸರ್ಕಾರದ ಲೆಕ್ಕದಲ್ಲಿ ಎರಡು ಮಾರಾಟ, ಎರಡು ತೆರಿಗೆ. ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ.

ಎರಡನೆಯದು ಅಕ್ಕಿಯದು. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5ರಷ್ಟು ತೆರಿಗೆ ಬಿತ್ತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಾರುಕಟ್ಟೆಗೆ 26 ಕೆ.ಜಿ. ಚೀಲ ಬಂದದ್ದು ಆಗಲೇ. ತೆರಿಗೆ ಇಲ್ಲದ 26 ಕೆ.ಜಿ. ಚೀಲಕ್ಕೆ ಬಿಲ್ ಆಫ್ ಸಪ್ಲೈ (ತೆರಿಗೆ ಇಲ್ಲದ ಸರಕಿನ ಬಿಲ್ಲು) ಸಾಕು, ಐ.ಆರ್.ಎನ್. ಬೇಕಿಲ್ಲ. ಈ ವ್ಯತ್ಯಾಸ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಐ.ಆರ್.ಎನ್. ಬಾರದೆ ಅದು ಬಿಲ್ ಮುದ್ರಿಸಲು ಒಪ್ಪುತ್ತಿರಲಿಲ್ಲ. ತೆರಿಗೆಯೇ ಇಲ್ಲದ ಅಕ್ಕಿ ಗಿರಣಿಯ ಅಂಗಳದಲ್ಲಿ ನಿಂತಿತು.

ಲೀಡ್ ಆ ವಾರ ಹೆಚ್ಚುಕಡಿಮೆ ಕಚೇರಿಯಲ್ಲೇ ಮಲಗಿದ. ತಿದ್ದುಪಡಿ ಬರೆದ, ಕಳುಹಿಸಿದ, ಅದರಿಂದ ಇನ್ನೊಂದು ಕೆಟ್ಟಿತು, ಅದನ್ನೂ ತಿದ್ದಿದ. ಉಳಿದ ಆರು ಮಂದಿ ಪಕ್ಕದಲ್ಲಿ ಕುಳಿತಿದ್ದರು. ಮಾಡಲು ಅವರಿಗೆ ಕೆಲಸವಿರಲಿಲ್ಲ.

ಸಪೋರ್ಟ್ ಮೇಜಿನ ನೋಟ್‌ಬುಕ್

ಗ್ರಾಹಕರ ದೂರಿನ ಕರೆ ತೆಗೆದುಕೊಳ್ಳುವ ಸಪೋರ್ಟ್ ವಿಭಾಗ ಅದೇ ಮಹಡಿಯ ಹಿಂಬದಿಯ ಕೋಣೆಯಲ್ಲಿದೆ. ಅಲ್ಲಿಯ ಹಿರಿಯಾಕೆ ಬಿ.ಕಾಂ. ಓದಿದವರು, ಗುಬ್ಬಿ ಕಡೆಯವರು. ಸಂಸ್ಥೆ ಶುರುವಾದ ಕಾಲದಿಂದ ಇದ್ದಾರೆ. ಗ್ರಾಹಕರಿಗೆಲ್ಲ 'ಮೇಡಂ', ಕಚೇರಿಯ ಹುಡುಗರಿಗೆ 'ಅಕ್ಕ'. ಹುದ್ದೆ ಹಲವು ವರ್ಷಗಳಿಂದ ಬದಲಾಗಿಲ್ಲ. ಸಂಬಳ ಹೊಸ ಕೋಡರ್‌ಗಿಂತ ಕಡಿಮೆ.

ನಾನು ಅವರನ್ನು ಮಾತನಾಡಿಸಿದ್ದು ಎಲ್ಲರ ನಂತರ. ಮಾಲೀಕರು ಕೊಟ್ಟ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರು ಮೇಜಿನ ಖಾನೆಯಿಂದ ಉದ್ದನೆಯ ಲೆಕ್ಕದ ನೋಟ್‌ಬುಕ್ ತೆಗೆದರು. ಕೈಯಿಂದ ಗೆರೆ ಎಳೆದ ಐದು ಕಾಲಂ: ಗ್ರಾಹಕ, ಊರು, ಬಿಲ್ ನಂಬರ್, ಏನಾಯಿತು, ನಾವು ಏನು ಹೇಳಿದೆವು. ಆಗಸ್ಟ್ 1ರ ಸಂಜೆಯ ಪುಟದಲ್ಲಿ ಐದನೆಯ ಕಾಲಂ ಉದ್ದಕ್ಕೂ ಒಂದೇ ಮಾತು: 'ಹೊಸ ನಂಬರ್ ಹಾಕಬೇಡಿ. ಪೋರ್ಟಲ್ ತೆರೆದು ಅದೇ ನಂಬರ್ ಹುಡುಕಿ.' ಕೋಡ್‌ನಲ್ಲಿ ಏನು ತಪ್ಪಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಏನು ಮಾಡಿದರೆ ಲಾರಿ ಹೊರಡುತ್ತದೆ ಎಂಬುದನ್ನು ಆ ಸಂಜೆಯೊಳಗೆ ಕಂಡುಕೊಂಡಿದ್ದರು. ತಮ್ಮ ಕೈಕೆಳಗಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ತಿಪಟೂರು ಕಡೆಯ ಕರೆಗಳು, ಇನ್ನೊಬ್ಬನಿಗೆ ಗಿರಣಿಗಳ ಕರೆಗಳು ಎಂದು ಹಂಚಿದ್ದರು. ಈಗಾಗಲೇ ಎರಡೆರಡು ಬಿಲ್ ಮಾಡಿದವರ ಪಟ್ಟಿ ಬೇರೆ ಪುಟದಲ್ಲಿ ಬರೆದು, 24 ಗಂಟೆ ಮುಗಿಯುವ ಮೊದಲೇ ತಾವೇ ಅವರಿಗೆ ಫೋನ್ ಮಾಡಿ ರದ್ದು ಮಾಡಿಸಿದ್ದರು.

26 ಕೆ.ಜಿ. ಚೀಲದ ವಿಷಯ ಜುಲೈ ತಿಂಗಳಲ್ಲೇ ಪುಟದಲ್ಲಿತ್ತು. ಗಿರಣಿಯೊಂದರ ಗುಮಾಸ್ತ ಕೇಳಿದ್ದ, ಅವರು ಟಿಕೆಟ್, ಎಂದರೆ ಕೋಡ್ ತಂಡಕ್ಕೆ ದೂರಿನ ದಾಖಲೆ, ಹಾಕಿದ್ದರು. ಟಿಕೆಟ್ ಎರಡೇ ದಿನಕ್ಕೆ ಮುಚ್ಚಿತ್ತು, ಮುಚ್ಚಿದವನು ಲೀಡ್. ಕಾರಣ: 'ಗ್ರಾಹಕರಿಗೆ ತಿಳಿಸಿ ಹೇಳಿ'.

"ನೀವು ಮತ್ತೆ ಹೋಗಿ ಹೇಳಲಿಲ್ಲವೇ?" ಎಂದೆ.

"ಹೇಳಿದೆ ಸರ್. ಆತ ಕೆಲಸದಲ್ಲಿ ಮುಳುಗಿದ್ದ. ಆಮೇಲೆ ನೋಡುತ್ತೇನೆ ಅಕ್ಕ ಎಂದ. ಕೋಡ್ ವಿಷಯದಲ್ಲಿ ನಾನು ಎಷ್ಟು ಸಲ ಹೇಳುವುದು?"

ಈ ಪ್ರಕರಣದ ತಿರುಳು ನನಗೆ ಸಿಕ್ಕಿದ್ದು ಆ ಕೋಣೆಯಲ್ಲಿ. ಕೆಲಸ ಹಂಚುವುದು, ಸುದ್ದಿ ಸೇರಿಸುವುದು, ಗೊತ್ತಿಲ್ಲದ ಸ್ಥಿತಿಯಲ್ಲೂ ಒಂದು ತೀರ್ಮಾನ ಕೊಡುವುದು, ಕಿರಿಯರು ಕಂಗಾಲಾಗದಂತೆ ನೋಡಿಕೊಳ್ಳುವುದು — ನಾಯಕತ್ವವೆಂದು ನಾವು ಕರೆಯುವುದೆಲ್ಲ ಆ ವಾರ ಸಂಸ್ಥೆಯಲ್ಲಿ ನಡೆದೇ ಇತ್ತು, ಆದರೆ ಬಡ್ತಿ ಪಡೆದವನ ಮೇಜಿನಲ್ಲಲ್ಲ. ಕೋಡ್ ಬರೆಯಲು ಬಾರದವರಲ್ಲಿ ನಾಯಕರನ್ನು ಹುಡುಕುವ ಕಣ್ಣೇ ಸಂಸ್ಥೆಗೆ ಇರಲಿಲ್ಲ.

ಗೂಗಲ್ ಸಂಸ್ಥೆ ತನ್ನ ಮ್ಯಾನೇಜರ್‌ಗಳ ಬಗ್ಗೆ 2009ರ ಹೊತ್ತಿಗೆ ಪ್ರಾಜೆಕ್ಟ್ ಆಕ್ಸಿಜನ್ ಎಂಬ ಅಧ್ಯಯನ ನಡೆಸಿತು. ಒಳ್ಳೆಯ ಮ್ಯಾನೇಜರ್‌ನ ಎಂಟು ಲಕ್ಷಣಗಳಲ್ಲಿ ಕೈಹಿಡಿದು ಕಲಿಸುವ ಗುಣ ಮೊದಲ ಸ್ಥಾನದಲ್ಲಿ ಬಂತು, ತಾಂತ್ರಿಕ ಪರಿಣತಿ ಎಂಟನೆಯದಾಗಿ. ಇದನ್ನು ಮಾಲೀಕರಿಗೆ ಹೇಳಿದಾಗ "ಹಾಗಾದರೆ ತಾಂತ್ರಿಕ ಜ್ಞಾನ ಬೇಡವೇ?" ಎಂದರು. ಪಟ್ಟಿಯಲ್ಲಿ ಅದೂ ಇದೆ, ಇಲ್ಲದಿದ್ದರೆ ನಡೆಯುವುದಿಲ್ಲ. ಅದೊಂದೇ ಇದ್ದರೂ ನಡೆಯುವುದಿಲ್ಲ, ಅಷ್ಟೇ.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಲೀಡ್ ಜೊತೆ ಕುಳಿತಾಗ ಆತ ಆಫರ್ ಲೆಟರ್ ತೋರಿಸಲೇ ಇಲ್ಲ. "ನನಗೆ ಈ ಆರು ಮಂದಿ ಬೇಡ ಸರ್. ಕೋಡ್ ಕೊಡಿ, ಸಾಕು. ಆದರೆ ಹುದ್ದೆ ಇಳಿದರೆ ಮನೆಯಲ್ಲಿ, ನೆಂಟರಲ್ಲಿ ಏನೆಂದು ಹೇಳಲಿ?" ಎಂದ. ಬೆಂಗಳೂರಿನ ಹೊಸ ಕೆಲಸದಲ್ಲೂ ಆತನಿಗೆ ಕೊಡಲಿದ್ದುದು ಲೀಡ್ ಹುದ್ದೆಯೇ. ಅದೇ ಸಂಕಟ, ಜೊತೆಗೆ ರೈಲು.

ನಾನು ಮಾಲೀಕರ ಮುಂದಿಟ್ಟದ್ದು ಎರಡು ಏಣಿಗಳ ವ್ಯವಸ್ಥೆ. ಜನರನ್ನು ನಡೆಸುವವರಿಗೆ ಒಂದು, ತಂತ್ರಜ್ಞರಿಗೆ ಇನ್ನೊಂದು. ಎರಡರಲ್ಲೂ ಸಂಬಳ ಸಮ. ಇದೇನೂ ಹೊಸದಲ್ಲ. ಐ.ಬಿ.ಎಂ. 1960ರ ದಶಕದ ಆರಂಭದಲ್ಲೇ ಫೆಲೋ ಎಂಬ ಪದವಿ ಹುಟ್ಟುಹಾಕಿ, ಮ್ಯಾನೇಜರ್ ಆಗದೆಯೂ ಎತ್ತರಕ್ಕೆ ಏರಬಹುದೆಂದು ತೋರಿಸಿತ್ತು. ಮೂವತ್ತು ಮಂದಿಯ ಸಂಸ್ಥೆಗೆ ಅಷ್ಟೆಲ್ಲ ಬೇಕಿಲ್ಲ. ಗೌರವ ಕುಂದದಂತೆ, ಸಂಬಳ ಇಳಿಯದಂತೆ ಪಕ್ಕಕ್ಕೆ ಸರಿಯಲು ಒಂದು ಜಾಗ ಬೇಕಿತ್ತು. 'ಮುಖ್ಯ ತಂತ್ರಜ್ಞ' ಎಂಬ ಹುದ್ದೆ ಮಾಡಿದರು. ಮರ್ಜ್ ಅಧಿಕಾರ ಮೂವರಿಗೆ ಹಂಚಿಹೋಯಿತು. ಬೇರೆಯವರ ಕೋಡ್ ಅನ್ನು ಆತ ಅಳಿಸುವಂತಿಲ್ಲ, ಟಿಪ್ಪಣಿ ಮಾತ್ರ ಬರೆಯಬೇಕು ಎಂಬ ನಿಯಮವನ್ನು ಆತನೇ ಸೂಚಿಸಿದ. ಮೊದಲ ಕೆಲವು ವಾರ ಅದನ್ನು ಪಾಲಿಸಲು ಪಟ್ಟ ಪಾಡು ನೋಡುವಂತಿತ್ತು.

ಲೀಡ್ ಸ್ಥಾನಕ್ಕೆ ಟೆಸ್ಟಿಂಗ್ ಮಾಡುತ್ತಿದ್ದ ಶಿರಾ ಕಡೆಯವನೊಬ್ಬ ಬಂದ. ಕೋಡ್ ಸಾಧಾರಣ, ಮಾತು ಕಡಿಮೆ, ಕೇಳಿಸಿಕೊಳ್ಳುವ ಗುಣ ಹೆಚ್ಚು. ಆರು ತಿಂಗಳ ಪ್ರಯೋಗ. ಹೊಂದದಿದ್ದರೆ ಸಂಬಳ ಕಡಿತವಿಲ್ಲದೆ ಹಳೆಯ ಕೆಲಸಕ್ಕೆ ವಾಪಸ್. ಈ ವಾಪಸ್ ದಾರಿಯನ್ನು ಬರವಣಿಗೆಯಲ್ಲಿ ಕೊಡಿಸಲು ನಾನು ಹಟ ಹಿಡಿದೆ.

ದೊಡ್ಡ ಜಗಳವಾದದ್ದು ಸಪೋರ್ಟಿನ ಹಿರಿಯಾಕೆಯ ವಿಷಯದಲ್ಲಿ. ತೆರಿಗೆ ನಿಯಮಕ್ಕೆ ಸಂಬಂಧಿಸಿದ ಯಾವ ರಿಲೀಸ್ (ತಂತ್ರಾಂಶದ ಹೊಸ ಆವೃತ್ತಿ) ಕೂಡ ಆಕೆಯ ಸಹಿ ಇಲ್ಲದೆ ಹೊರಗೆ ಹೋಗಬಾರದು ಎಂದೆ. "ಕೋಡ್ ಬಾರದವರು ರಿಲೀಸ್ ತಡೆಯುವುದೆಂದರೆ ಹೇಗೆ?" ಎಂದು ಮಾಲೀಕರು ಸಿಡಿದರು. ಆಗ ಬಾಯಿ ಬಿಟ್ಟವನು ಹಳೆಯ ಲೀಡ್: "ಜುಲೈ ತಿಂಗಳಲ್ಲಿ ಅಕ್ಕ ತಡೆದಿದ್ದರೆ ಆಗಸ್ಟ್ ತಿಂಗಳಲ್ಲಿ ನಾನು ಮನೆಯಲ್ಲಿ ಮಲಗುತ್ತಿದ್ದೆ ಸರ್." ಅಲ್ಲಿಗೆ ಆ ಮಾತು ಮುಗಿಯಿತು. ಅಧಿಕಾರ ಸಿಕ್ಕಿತು. ಸಂಬಳ ಮಾತ್ರ ಅರ್ಧ ದಾರಿಗೆ ಬಂದು ನಿಂತಿತು. ಇದನ್ನು ನಾನು ಸಂಸ್ಥೆಯ ಜಿಪುಣತನ ಎಂದೇ ಕರೆಯುತ್ತೇನೆ, ಮಾಲೀಕರ ಮುಂದೆಯೂ ಕರೆದಿದ್ದೇನೆ.

ಆರು ಮಂದಿಗೆ ಶ್ರೇಣಿ ಹಾಕುವ ಪದ್ಧತಿ ಸದ್ದಿಲ್ಲದೆ ನಿಂತುಹೋಯಿತು.

ಹೊಸ ವ್ಯವಸ್ಥೆಗೆ ನಿಜವಾದ ಪರೀಕ್ಷೆ ಎದುರಾದದ್ದು 2025ರಲ್ಲಿ. ಜಿ.ಎಸ್.ಟಿ. ಮಂಡಳಿ ಸೆಪ್ಟೆಂಬರ್ 3ರಂದು ದರಗಳ ಬದಲಾವಣೆ ಪ್ರಕಟಿಸಿತು, ಜಾರಿ 22ರಿಂದ. ಮೂರು ವಾರವೂ ಇಲ್ಲ. ಸಿಮೆಂಟ್ ಶೇ 28ರಿಂದ 18ಕ್ಕೆ, ಟ್ರ್ಯಾಕ್ಟರ್ 12ರಿಂದ 5ಕ್ಕೆ. ಕೋಡರ್‌ಗಳಿಗೆ ಇದು ದರದ ಪಟ್ಟಿ ಬದಲಿಸುವ ಸಣ್ಣ ಕೆಲಸವೆನಿಸಿತು. ಹಿರಿಯಾಕೆ ಕೋಡ್ ಶುರುವಾಗುವ ಮೊದಲೇ ಪ್ರಶ್ನೆಗಳ ಪಟ್ಟಿ ತಂದರು. ಅದರಲ್ಲಿ ಒಂದು: 22ಕ್ಕೆ ಮೊದಲು ಶೇ 28ರಲ್ಲಿ ಮಾರಿದ ಸಿಮೆಂಟ್ ಚೀಲ 22ರ ನಂತರ ವಾಪಸ್ ಬಂದರೆ ಕ್ರೆಡಿಟ್ ನೋಟ್ (ವಾಪಸ್ ಬಂದ ಸರಕಿನ ಮೊತ್ತ ಕಳೆಯುವ ಪತ್ರ) ಯಾವ ದರದಲ್ಲಿ? ಹಳೆಯ ಬಿಲ್ಲಿನ ದರದಲ್ಲೇ ಆಗಬೇಕು. ಬರೀ ಪಟ್ಟಿ ಬದಲಿಸಿದ್ದರೆ ತಂತ್ರಾಂಶ ಹೊಸ ದರ ಹಾಕುತ್ತಿತ್ತು.

ಆ ಭಾಗವನ್ನು ಬರೆದವಳು ಅದೇ ಹುಡುಗಿ, ಎರಡು ವರ್ಷದ ಹಿಂದೆ ಯೋಚಿಸುವುದನ್ನು ಬಿಟ್ಟೆ ಎಂದಿದ್ದವಳು. 22ರ ಮಧ್ಯಾಹ್ನ ಒಂದು ವರದಿಯಲ್ಲಿ ಹಳೆಯ ದರದ ಮೊತ್ತ ಬೇರೆ ಕಾಲಂನಲ್ಲಿ ಅಚ್ಚಾಗುತ್ತಿರುವುದು ಗೊತ್ತಾಯಿತು. ಆಕೆಯೇ ತಿದ್ದಿದಳು, ಇನ್ನೊಬ್ಬ ನೋಡಿದ, ಹಿರಿಯಾಕೆ ಎರಡು ಅಂಗಡಿಗಳಿಗೆ ಫೋನ್ ಮಾಡಿ ಪರೀಕ್ಷಿಸಿ ಸಹಿ ಹಾಕಿದರು. ಮುಖ್ಯ ತಂತ್ರಜ್ಞನಿಗೆ ಸುದ್ದಿ ತಿಳಿದದ್ದು ಮರುದಿನ.

ಆ ಹುಡುಗಿ ಅದಾದ ಕೆಲವೇ ತಿಂಗಳಲ್ಲಿ ಬೆಂಗಳೂರಿನ ಒಳ್ಳೆಯ ಕೆಲಸಕ್ಕೆ ಹೋದಳು. ಮಾಲೀಕರು ಇದನ್ನು ಸೋಲೆಂದು ಎಣಿಸುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಗಳೂರಿಗೆ ಇಷ್ಟು ಹತ್ತಿರದ ಊರಿನ ಸಂಸ್ಥೆ ಎಲ್ಲರನ್ನೂ ಹಿಡಿದಿಟ್ಟುಕೊಳ್ಳುವ ಆಸೆ ಬಿಟ್ಟು, ಪ್ರತಿವರ್ಷ ಇಬ್ಬರು ಹೊಸಬರನ್ನು ತೆಗೆದುಕೊಂಡು ಬೆಳೆಸುವ ಲೆಕ್ಕ ಹಾಕಬೇಕು. ಆಕೆ ಬರೆದದ್ದನ್ನು ಮುಂದುವರಿಸಲು ಈಗ ಇನ್ನಿಬ್ಬರಿಗೆ ಬರುತ್ತದೆ. 2023ರಲ್ಲಿ ಲೀಡ್ ಹೋಗಿದ್ದರೆ ಯಾರಿಗೂ ಬರುತ್ತಿರಲಿಲ್ಲ.

ಬಗೆಹರಿಯದೆ ಉಳಿದಿರುವುದು ತಂತ್ರಜ್ಞರ ಏಣಿ. ಅದಕ್ಕೆ ಇರುವುದು ಒಂದೇ ಮೆಟ್ಟಿಲು. ಅದರ ಮೇಲೇನು ಎಂದು ಮುಖ್ಯ ತಂತ್ರಜ್ಞ ಲಿಖಿತವಾಗಿ ಕೇಳಿದ್ದಾನೆ, ಅಪ್ರೈಸಲ್‌ಗೆ ಮುನ್ನ ಉತ್ತರ ಬೇಕೆಂದೂ ಬರೆದಿದ್ದಾನೆ. ಮಾಲೀಕರು ಆ ಪತ್ರವನ್ನು ನನಗೆ ಕಳುಹಿಸಿದ್ದಾರೆ. ಲಾಭದಲ್ಲಿ ಸಣ್ಣ ಪಾಲು ಕೊಡಿ ಎಂಬುದು ನನ್ನ ಸಲಹೆ. ಹಿರಿಯಾಕೆಗೂ ಅಷ್ಟೇ ಪಾಲು ಕೊಡಿ ಎಂದು ಸೇರಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.